ಅಲ್ಪವಿರಾಮವೇನೂ ಅಲ್ಪವಲ್ಲ

ಮೊನ್ನೆ ಒಂದು ಭಾನುವಾರ ಬೆಳಿಗ್ಗೆ, ನೀರುದೋಸೆಯ ಕಾವಲಿ ಇನ್ನೂ ಒಲೆಯಿಂದ ಇಳಿಯುವ ಮೊದಲೇ, ಆಚೆಮನೆಯ ತಾಯಿ ಮಗಳಿಬ್ಬರೂ ನಮ್ಮ ಚಾವಡಿ ಹತ್ತಿದರು. ಮಗಳು ಒಂಬತ್ತನೇ ತರಗತಿ, ಇಂಗ್ಲಿಷ್ ಮೀಡಿಯಂ. ಅವಳ ಕೈಯಲ್ಲಿ ನಾಲ್ಕಾಗಿ ಮಡಚಿದ ಉತ್ತರಪತ್ರಿಕೆ. ತಾಯಿಯ ಮುಖದಲ್ಲಿ ಮಡಚಲಾಗದ ಸಿಟ್ಟು.

"ಮಾಸ್ಟ್ರೇ, ಇದನ್ನೊಮ್ಮೆ ನೋಡಿ. ಪ್ರಬಂಧ ಚಂದ ಬರೆದಿದ್ದಾಳೆ. ಸ್ಪೆಲ್ಲಿಂಗ್ ಒಂದೂ ತಪ್ಪಿಲ್ಲ. ಆದ್ರೂ ಇಪ್ಪತ್ತಕ್ಕೆ ಹದಿಮೂರು. ಹೋದ ಮಾರ್ಕೆಲ್ಲ ಕಾಮಾಕ್ಕೆ ಹೋದದ್ದಂತೆ. ನುಸಿಯಷ್ಟು ಸಣ್ಣ ಗುರುತಿಗೆ ಇಷ್ಟು ಮಾರ್ಕು ಕಡಿಯುವುದುಂಟಾ?"

ಅರಿಷಡ್ವರ್ಗದಲ್ಲಿ ಮೊದಲನೆಯದೇ ಕಾಮ, ಅದಕ್ಕೆ ಬಲಿಯಾಗದವರು ಯಾರು ಎಂದು ನಗೆಯಾಡಲು ಹೊರಟವನು ಆಕೆಯ ಮುಖ ನೋಡಿ ಸುಮ್ಮನಾದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನಿಗೆ ಇಷ್ಟಾದರೂ ಗೊತ್ತಿರಬೇಕು: ಮಾರ್ಕಿನ ವಿಷಯದಲ್ಲಿ ಹೆತ್ತವರ ಎದುರು ತಮಾಷೆ ಸಲ್ಲದು.

ಪ್ರಬಂಧದ ವಿಷಯ 'ನಮ್ಮ ಜಿಲ್ಲೆ'. ಓದಿದೆ. ಹುಡುಗಿ ಜಾಣೆ. ಶ್ರೀಕೃಷ್ಣ ಮಠ, ಮಣಿಪಾಲ, ಕಾಪುವಿನ ದೀಪಸ್ತಂಭ, ಕಾರ್ಕಳದ ಗೊಮ್ಮಟ, ಮನೆಯ ಮೀನುಸಾರು ಎಲ್ಲವೂ ಬಂದಿವೆ. ಕೆಂಪು ಶಾಯಿಯೂ ಅಲ್ಲಲ್ಲಿ ಬಂದಿದೆ. ಕೆಲವೆಡೆ ಇಲ್ಲದ ಕಾಮಾವನ್ನು ಟೀಚರು ಹಾಕಿದ್ದಾರೆ, ಕೆಲವೆಡೆ ಇದ್ದ ಕಾಮಾವನ್ನು ಹೊಡೆದುಹಾಕಿದ್ದಾರೆ.

"ಕಾಮಾ ಎಲ್ಲಿ ಹಾಕಬೇಕೆಂದು ನಿನಗೆ ಹೇಗೆ ಗೊತ್ತಾಗುತ್ತದೆ ಮಗಾ?" ಎಂದು ಕೇಳಿದೆ.

"ಓದುವಾಗ ಉಸಿರು ಎಲ್ಲಿ ತಗೊಳ್ತೇವೋ ಅಲ್ಲಿ" ಎಂದಳು ತಡೆಯಿಲ್ಲದೆ.

ನನಗೆ ನಗು ಬರಲಿಲ್ಲ. ಐವತ್ತು ವರ್ಷಗಳ ಹಿಂದೆ ನನ್ನನ್ನು ಕೇಳಿದ್ದರೆ ನಾನೂ ಅದೇ ಉತ್ತರ ಕೊಡುತ್ತಿದ್ದೆ. ನಾನು ಆ ಉತ್ತರವನ್ನು ನಂಬಿದ್ದರಿಂದ ಏನಾಯಿತು ಎಂಬುದು ಈ ಹುಡುಗಿಗೆ ಗೊತ್ತಿಲ್ಲ. ಅವಳ ಅಜ್ಜಿಗೆ ಗೊತ್ತು.

ಉಸಿರಿನ ನಿಯಮ ಪೂರ್ತಿ ಸುಳ್ಳೇನಲ್ಲ. ಯುರೋಪಿನಲ್ಲಿ ಹಿಂದೆ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದ ಕಾಲಕ್ಕೆ ಈ ಗುರುತುಗಳು ಓದುವವನಿಗೆ ನಿಲ್ಲುವ ಜಾಗ ತೋರಿಸುತ್ತಿದ್ದವು. ಗ್ರೀಕ್ ಭಾಷೆಯಲ್ಲಿ ಆ ಶಬ್ದದ ಅರ್ಥವೇ ಕತ್ತರಿಸಿದ ತುಂಡು ಎಂದು. ನಮ್ಮ ತಾಳೆಗರಿಗಳಲ್ಲಾದರೋ ಪದಕ್ಕೂ ಪದಕ್ಕೂ ನಡುವೆ ಜಾಗವೇ ಇರುತ್ತಿರಲಿಲ್ಲ. ಪದ್ಯ ಮುಗಿದಲ್ಲಿ ಒಂದೆರಡು ಉದ್ದ ಗೀಟು, ಅಷ್ಟೇ. 1843ರಲ್ಲಿ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಹೊರಟ ಆ ಅಚ್ಚುಮೊಳೆಯ ಕಾಲದಿಂದ ಈಚೆಗೆ ಇಂಗ್ಲಿಷಿನ ಗುರುತುಗಳು ಕನ್ನಡಕ್ಕೂ ಬಂದು ಸೇರಿದವು, 'ಅಲ್ಪವಿರಾಮ' ಎಂಬ ಹೆಸರನ್ನೂ ಪಡೆದವು. ವಿರಾಮ ಎಂದ ಕೂಡಲೇ ನಮಗೆ ಉಸಿರಿನ ನೆನಪಾಗುತ್ತದೆ. ಗೊಂದಲ ಅಲ್ಲಿಂದಲೇ ಶುರು.

ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಯ ಮಾತು ಕೇಳಿ. ಬೇಕಾದಲ್ಲಿ ನಿಲ್ಲುತ್ತಾನೆ, ಬೇಡವಾದಲ್ಲಿಯೂ ನಿಲ್ಲುತ್ತಾನೆ. ಕರ್ತೃಪದ ಹೇಳಿ ನಿಲ್ಲುತ್ತಾನೆ, ಸಭೆಯ ಮುಖ ನೋಡುತ್ತಾನೆ, ಆಮೇಲೆ ಕ್ರಿಯಾಪದ ಬಿಡುತ್ತಾನೆ. ಅದು ಮಾತಿನ ಸೊಗಸು. ಅವನು ನಿಂತಲ್ಲೆಲ್ಲ ಕಾಮಾ ಹಾಕುತ್ತ ಹೋದರೆ ಇಂಗ್ಲಿಷ್ ವಾಕ್ಯ ಮುರಿದು ಬೀಳುತ್ತದೆ.

ಹುಡುಗಿಯ ಒಂದು ವಾಕ್ಯ ಹೀಗಿತ್ತು: 'ದ ಓಲ್ಡ್ ಲೈಟ್‌ಹೌಸ್ ಆನ್ ದ ರಾಕ್ ನಿಯರ್ ಕಾಪು ಬೀಚ್, ಈಸ್ ವೆರಿ ಫೇಮಸ್.' ಕಾಪು ಬೀಚಿನ ಬಳಿಯ ಬಂಡೆಯ ಮೇಲಿನ ಹಳೆಯ ದೀಪಸ್ತಂಭ ಬಹಳ ಪ್ರಸಿದ್ಧ ಎಂದು ಅರ್ಥ. 'ಬೀಚ್' ಎನ್ನುವಷ್ಟರಲ್ಲಿ ಹುಡುಗಿಗೆ ಉಸಿರು ಕಟ್ಟಿದೆ, ಕಾಮಾ ಬಿದ್ದಿದೆ. ಆದರೆ 'ಬೀಚ್' ತನಕ ಇರುವುದೆಲ್ಲ ಸೇರಿ ಒಂದೇ ಕರ್ತೃ. ಅದು ಎಷ್ಟೇ ಉದ್ದವಿರಲಿ, ಅದಕ್ಕೂ ಅದರ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಬರಕೂಡದು.

ಇನ್ನೊಂದು ವಾಕ್ಯದಲ್ಲಿ ಇದರ ತಿರುಗುಮುರುಗು. 'ವೆನ್ ಮೈ ಮದರ್ ವಾಸ್ ಕುಕಿಂಗ್ ದ ಕ್ಯಾಟ್ ಕೇಮ್ ಇನ್.' ಉಸಿರು ಕಟ್ಟುವಷ್ಟು ಉದ್ದವಿಲ್ಲ, ಹುಡುಗಿ ಕಾಮಾ ಹಾಕಲಿಲ್ಲ. ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. "ಅಮ್ಮ ಬೆಕ್ಕನ್ನು ಬೇಯಿಸುತ್ತಿದ್ದಾಗ..." ತಾಯಿ "ಅಯ್ಯೋ ದೇವರೇ" ಎಂದು ಸೆರಗು ಬಾಯಿಗಿಟ್ಟುಕೊಂಡರು. ಸಿಟ್ಟು ಅರ್ಧ ಇಳಿಯಿತು. ಯಾವಾಗ, ಎಲ್ಲಿ, ಹೇಗೆ ಎಂದು ಹೇಳುವ ಮಾತು ವಾಕ್ಯದ ಮುಂದುಗಡೆ ಬಂದರೆ, ಅದು ಮುಗಿದಲ್ಲಿ ಒಂದು ಕಾಮಾ ಹಾಕಿ ಬೇಲಿ ಕಟ್ಟಬೇಕು. 'ಕುಕಿಂಗ್' ಆದ ಮೇಲೆ ಕಾಮಾ ಇದ್ದರೆ ಬೆಕ್ಕು ಬದುಕುತ್ತದೆ. 'ಇನ್ 1901' ಎಂಬಂಥ ಪುಟ್ಟ ಮಾತು ಮುಂದೆ ಬಂದರೆ ಕಾಮಾ ಹಾಕದಿದ್ದರೂ ನಡೆಯುತ್ತದೆ, ಅರ್ಥ ಕೆಡುವುದಿಲ್ಲ. ಬೇಲಿ ಬೇಕಾಗುವುದು ದನ ನುಗ್ಗುವಲ್ಲಿ ಮಾತ್ರ.

ಮೂರನೆಯ ಗುರುತು ಕಂಡಾಗ ನನ್ನ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. 'ಮೈ ಗ್ರ್ಯಾಂಡ್‌ಮದರ್ ಹೂ ರೋಲ್ಡ್ ಬೀಡೀಸ್ ಟೋಲ್ಡ್ ಮಿ ದಿಸ್ ಸ್ಟೋರಿ' ಎಂದು ಬರೆದಿದ್ದಳು. ಬೀಡಿ ಕಟ್ಟುತ್ತಿದ್ದ ನನ್ನ ಅಜ್ಜಿ ನನಗೆ ಈ ಕಥೆ ಹೇಳಿದರು. 'ಹೂ ರೋಲ್ಡ್ ಬೀಡೀಸ್' ಎಂಬುದರ ಎರಡು ಬದಿಗೂ ಟೀಚರು ಕೆಂಪು ಕಾಮಾ ಇಟ್ಟಿದ್ದರು.

ಇದೇ ತಪ್ಪನ್ನು ನಾನು ಇದೇ ಆಚೆಮನೆಗಾಗಿ 1972ರಲ್ಲಿ ಮಾಡಿದ್ದೆ.

ಆಗ ನಾನು ಕಾಪುವಿನ ಹತ್ತಿರದ ಈ ಹಳ್ಳಿಯಿಂದ ದಿನಾ ಬಸ್ಸು ಹಿಡಿದು ಉಡುಪಿಯ ಕಾಲೇಜಿಗೆ ಹೋಗಲು ಶುರುಮಾಡಿ ಒಂದು ವರ್ಷವಾಗಿತ್ತು. ಹತ್ತನೆಯ ತನಕ ಕನ್ನಡ ಮಾಧ್ಯಮ, ಮನೆಯಲ್ಲಿ ತುಳು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ನನಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಊರಿನವರಿಗೆ ಮಾತ್ರ ನಾನು ಆಗಲೇ ಇಂಗ್ಲಿಷ್ ಪಂಡಿತ. ಬೊಂಬಾಯಿಗೆ ಕಾಗದ, ಬ್ಯಾಂಕಿಗೆ ಅರ್ಜಿ, ಯಾರದೋ ಟೆಲಿಗ್ರಾಂ ಓದಿ ಹೇಳುವುದು, ಎಲ್ಲ ನನ್ನ ಪಾಲಿಗೆ. ಬರೆದುಕೊಟ್ಟರೆ ಒಂದು ಲೋಟ ಬೆಲ್ಲದ ಕಾಫಿ. ಅದಕ್ಕಿಂತ ರುಚಿ ಅವರ ಕಣ್ಣಿನ ಗೌರವ.

ನಮ್ಮ ಕಡೆಯ ಎಷ್ಟೋ ಮನೆಗಳ ಹಾಗೆ ಆಚೆಮನೆಯ ಯಜಮಾನರೂ ಬೊಂಬಾಯಿಯಲ್ಲಿದ್ದರು. ಯಾವುದೋ ಕಂಪೆನಿಯ ಕ್ಯಾಂಟೀನಿನಲ್ಲಿ ಕೆಲಸ. ವರ್ಷಕ್ಕೊಮ್ಮೆ ಬಂದು, ಮಕ್ಕಳಿಗೆ ಬಟ್ಟೆ ಹೊಲಿಸಿ, ಮಳೆ ಹಿಡಿಯುವ ಮೊದಲು ಹೋಗುತ್ತಿದ್ದರು. ಆ ವರ್ಷ ಫೆಬ್ರವರಿಯಲ್ಲಿ ಅವರು ಅಲ್ಲೇ ತೀರಿಕೊಂಡರು. ಮನೆಯಲ್ಲಿ ದೊಡ್ಡಮ್ಮ (ನಾನು ಆಕೆಯನ್ನು ಹಾಗೆಯೇ ಕರೆಯುತ್ತಿದ್ದೆ), ಎಂಟನೆಯ ತರಗತಿಯ ಮಗಳು, ಅವಳ ಕೆಳಗೆ ಇಬ್ಬರು ಗಂಡುಮಕ್ಕಳು. ಮೂವರೂ ಶಾಲೆಗೆ ಹೋಗುತ್ತಿದ್ದರು.

ಕಂಪೆನಿಯಿಂದ ಒಂದು ಕಾಗದ ಬಂತು. ತೀರಿಹೋದ ನೌಕರರ ಮಕ್ಕಳಿಗೆ ಒಂದು ಸಹಾಯನಿಧಿ ಇದೆ, ದುಡಿಯುವ ಮಕ್ಕಳಿಲ್ಲದ ಸಂಸಾರಕ್ಕೆ ತಿಂಗಳು ತಿಂಗಳು ಇಷ್ಟೆಂದು ಕೊಡುತ್ತಾರೆ, ನಿಮ್ಮ ಸ್ಥಿತಿ ತಿಳಿಸಿ ಬರೆಯಿರಿ ಎಂದು. ದೊಡ್ಡಮ್ಮ ಕಾಗದ ಹಿಡಿದುಕೊಂಡು ನಮ್ಮ ಚಾವಡಿಗೆ ಬಂದರು. ಈಗ ಹುಡುಗಿ ಕೂತಿರುವ ಇದೇ ಚಾವಡಿ. "ನೀನೇ ಚಂದ ಮಾಡಿ ಬರೆ ಮಗಾ. ಶಾಲೆಗೆ ಹೋಗುವ ನನ್ನ ಮಕ್ಕಳಿಗೆ ಬೇರೆ ಯಾರೂ ಗತಿಯಿಲ್ಲ ಅಂತ ಬರೆ."

ನಾನು ಚಂದ ಮಾಡಿಯೇ ಬರೆದೆ. ಎರಡು ಪುಟ. ಅದರಲ್ಲಿ ಆ ಮಾತನ್ನು ಶಬ್ದಕ್ಕೆ ಶಬ್ದ ಇಟ್ಟು ಇಂಗ್ಲಿಷ್ ಮಾಡಿದೆ: 'ಮೈ ಚಿಲ್ಡ್ರನ್ ಹೂ ಗೋ ಟು ಸ್ಕೂಲ್ ಹ್ಯಾವ್ ನೋ ಅದರ್ ಸಪೋರ್ಟ್.' ಒಂದೇ ಉಸಿರಿಗೆ ಓದಿದೆ. ಎಲ್ಲಿಯೂ ನಿಲ್ಲಬೇಕೆನಿಸಲಿಲ್ಲ, ಎಲ್ಲಿಯೂ ಕಾಮಾ ಹಾಕಲಿಲ್ಲ. ಮಕ್ಕಳು ಮೂವರು ಎಂದು ಬರೆಯುವ ಬುದ್ಧಿಯೂ ಬರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಬರೆಯುವುದೆಂತ?

ಏಪ್ರಿಲಿನಲ್ಲಿ ಉತ್ತರ ಬಂತು. ಶಾಲೆಗೆ ಹೋಗುವ ಮಕ್ಕಳ ವಿಚಾರ ತಿಳಿಯಿತು, ಇನ್ನು ಶಾಲೆಗೆ ಹೋಗದ ಮಕ್ಕಳು ಎಷ್ಟು ಮಂದಿ, ಅವರ ವಯಸ್ಸೆಷ್ಟು, ಸಂಪಾದನೆ ಎಷ್ಟು ಎಂಬುದನ್ನು ಅಧಿಕಾರಿಗಳಿಂದ ದೃಢೀಕರಿಸಿ ಕಳಿಸಬೇಕು ಎಂದು.

ದೊಡ್ಡಮ್ಮ ನನ್ನ ಮುಖ ನೋಡಿದರು. "ಶಾಲೆಗೆ ಹೋಗದ ಮಕ್ಕಳು ಯಾರು ಮಗಾ? ನನಗೆ ಇರುವುದೇ ಮೂರು." ನಾನು ಬೊಂಬಾಯಿಯವರಿಗೆ ಬುದ್ಧಿಯಿಲ್ಲ ಎಂದು ಹೇಳಿಬಿಟ್ಟೆ.

ಬೇರೆ ಮಕ್ಕಳಿಲ್ಲ ಎಂದು ಸರ್ಟಿಫಿಕೇಟು ಬೇಕಾಯಿತು. ಇಲ್ಲದ್ದನ್ನು ಇಲ್ಲವೆಂದು ಬರೆದುಕೊಡಲು ಯಾರಿಗೆ ಅವಸರ? ಇಂದು ಬನ್ನಿ, ನಾಳೆ ಬನ್ನಿ ಎಂದು ಮೇ ತಿಂಗಳು ಕಳೆಯಿತು. ಜೂನಿನಲ್ಲಿ ಮಳೆಯೂ ಶಾಲೆಯೂ ಒಟ್ಟಿಗೆ ಶುರುವಾದವು. ಮೂರು ಮಕ್ಕಳ ಫೀಸು, ಪುಸ್ತಕ, ಕೊಡೆ. ಮನೆಯಲ್ಲಿ ಅಕ್ಕಿಗೇ ಕಷ್ಟ. ಒಂದು ಸಂಜೆ ನಾನು ಕಾಲೇಜಿನಿಂದ ಬರುವಾಗ ಆಚೆಮನೆಯ ಹುಡುಗಿ ಜಗಲಿಯ ಮೂಲೆಯಲ್ಲಿ ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕತ್ತರಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೀಡಿ ಎಲೆ. "ತಮ್ಮಂದಿರು ಹೋಗ್ಲಿ ಅಣ್ಣ. ನಾನು ಬರುವ ವರ್ಷ ಹೋಗ್ತೇನೆ" ಎಂದಳು.

ಕಂಪೆನಿಯ ಹಣ ಬಂದದ್ದು ಚೌತಿ ಕಳೆದ ಮೇಲೆ. ಆ ಹೊತ್ತಿಗೆ ಅವಳ ಬೆರಳು ಪಳಗಿತ್ತು. ವಾರದ ಕೊನೆಗೆ ಬೀಡಿ ಬ್ರಾಂಚಿನಿಂದ ತರುವ ಮಜೂರಿ ಮನೆಗೆ ರೂಢಿಯಾಗಿತ್ತು. ಬರುವ ವರ್ಷ ಬರಲೇ ಇಲ್ಲ.

ಆ ಜುಲೈಯಲ್ಲಿ ನಾನು ಕಾಗದದ ಕರಡನ್ನು ನಮ್ಮ ಇಂಗ್ಲಿಷ್ ಅಧ್ಯಾಪಕರಿಗೆ ತೋರಿಸಿದ್ದೆ. ಬೊಂಬಾಯಿಯವರ ದಡ್ಡತನವನ್ನು ಅವರೂ ಒಪ್ಪಲಿ ಎಂಬ ಆಸೆಯಿಂದ. ಅವರು ಓದಿದರು. ಪೆನ್ಸಿಲಿನಲ್ಲಿ 'ಚಿಲ್ಡ್ರನ್' ಆದ ಮೇಲೊಂದು, 'ಸ್ಕೂಲ್' ಆದ ಮೇಲೊಂದು ಪುಟ್ಟ ಬಾಲ ಎಳೆದರು.

"ಇವೆರಡು ಇದ್ದಿದ್ದರೆ ಅವರಿಗೆ ಆ ಪ್ರಶ್ನೆ ಬರುತ್ತಲೇ ಇರಲಿಲ್ಲ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಬೈಯಲಿಲ್ಲ, ಗೊಮ್ಮಟನನ್ನು ಕರೆತಂದರು.

"ಗೊಮ್ಮಟ ಮೂರ್ತಿ ಒಂದೇ ಏನು?"

"ಅಲ್ಲ ಸರ್. ಶ್ರವಣಬೆಳಗೊಳದಲ್ಲಿ ಉಂಟು. ಕಾರ್ಕಳದಲ್ಲಿ, ವೇಣೂರಿನಲ್ಲಿ ಉಂಟು."

"ಹಾಗಾದರೆ 'ದ ಗೊಮ್ಮಟ ದ್ಯಾಟ್ ವಾಸ್ ಸೆಟ್ ಅಪ್ ಇನ್ 1432' ಎಂದರೆ?"

"ಕಾರ್ಕಳದ್ದು."

"ನಡುವಿನ ಮಾತು ಕಿತ್ತು ಹಾಕು. ಬರೇ 'ದ ಗೊಮ್ಮಟ' ಉಳಿಯಿತು. ಯಾವುದು? ಗೊತ್ತಾಗುವುದಿಲ್ಲ. ಅಂದರೆ ಆ ಮಾತು ಯಾವುದೆಂದು ಬೆರಳು ಮಾಡಿ ತೋರಿಸುತ್ತಿತ್ತು. ಬೆರಳನ್ನು ಕೈಯಿಂದ ಕತ್ತರಿಸಬಾರದು, ಕಾಮಾ ಬೇಡ. ಈಗ ಇದು ನೋಡು. 'ದ ಕಾರ್ಕಳ ಗೊಮ್ಮಟ, ವಿಚ್ ವಾಸ್ ಸೆಟ್ ಅಪ್ ಇನ್ 1432, ಈಸ್ 42 ಫೀಟ್ ಹೈ.' ನಡುವಿನದು ಕಿತ್ತು ಹಾಕು. ಕಾರ್ಕಳದ ಗೊಮ್ಮಟ 42 ಅಡಿ ಎತ್ತರ. ಗೊಮ್ಮಟ ಅಲ್ಲೇ ನಿಂತಿದ್ದಾನೆ, ಅಲುಗಾಡಲಿಲ್ಲ. ಕಿತ್ತದ್ದು ಹೆಚ್ಚಿನ ಸಂಗತಿ ಮಾತ್ರ. ಅದಕ್ಕೆ ಎರಡೂ ಬದಿಗೆ ಕಾಮಾ. ಎರಡು ರೆಕ್ಕೆಯ ಬಾಗಿಲಿನ ಹಾಗೆ. ಒಂದೇ ರೆಕ್ಕೆ ಹಾಕಿ ಒಂದನ್ನು ತೆರೆದು ಬಿಟ್ಟರೆ ನಾಯಿ ನುಗ್ಗುತ್ತದೆ."

ಆ ವರ್ಷದ ಜನವರಿಯಲ್ಲಷ್ಟೇ ಪರ್ಯಾಯ ಕಳೆದಿತ್ತು. ಅದನ್ನೂ ಎಳೆದು ತಂದರು. ಉಡುಪಿಯಲ್ಲಿ ಮಠಗಳು ಎಂಟು. ಎರಡು ವರ್ಷಕ್ಕೊಮ್ಮೆ ಒಂದರ ಸರದಿ. 'ಪರ್ಯಾಯ ನಡೆಸುವ ಮಠ' ಎಂದು ಇಂಗ್ಲಿಷಿನಲ್ಲಿ ಬರೆದರೆ ಕಾಮಾ ಬೇಡ, ಎಂಟರಲ್ಲಿ ಒಂದನ್ನು ಆರಿಸಿ ತೋರಿಸುತ್ತಿದ್ದೇವೆ. 'ಶ್ರೀಕೃಷ್ಣ ಮಠ, ವಿಚ್ ಈಸ್ ಇನ್ ಉಡುಪಿ,' ಎಂದರೆ ಕಾಮಾ ಬೇಕು, ಹೆಸರು ಹೇಳಿದಾಗಲೇ ಯಾವುದೆಂದು ಗೊತ್ತಾಯಿತು.

ಆಮೇಲೆ ನನ್ನ ಕಾಗದಕ್ಕೆ ಬಂದರು. "ಕಾಮಾ ಇಲ್ಲದೆ 'ಮೈ ಚಿಲ್ಡ್ರನ್ ಹೂ ಗೋ ಟು ಸ್ಕೂಲ್' ಎಂದೆ. ನನ್ನ ಮಕ್ಕಳಲ್ಲಿ ಶಾಲೆಗೆ ಹೋಗುವವರು ಎಂದು ಆರಿಸಿ ತೋರಿಸಿದೆ. ಆರಿಸಿದ್ದೆಂದರೆ ಬಾಕಿ ಉಳಿದವರು ಇದ್ದಾರೆ ಎಂದಾಯಿತು. ಅವರು ಆ ಬಾಕಿಯ ಲೆಕ್ಕ ಕೇಳಿದರು. ಅವರ ತಪ್ಪೇನು?"

ನಾನು ಕೊನೆಯ ಅಸ್ತ್ರ ಬಿಟ್ಟೆ. "ಸರ್, ಓದುವಾಗ ಅಲ್ಲಿ ಉಸಿರು ನಿಲ್ಲುವುದಿಲ್ಲ."

"ಉಸಿರು ನಿನ್ನದು, ಕಾಮಾ ವಾಕ್ಯದ್ದು" ಎಂದರು.

ಆ ಮಾತನ್ನು ನಾನು ಮುಂದೆ ನೂರಾರು ಮಕ್ಕಳಿಗೆ ದಾಟಿಸಿದೆ. ಆದರೆ ನನ್ನನ್ನು ಬಹಳ ಕಾಲ ಕಾಡಿದ್ದು ಇನ್ನೊಂದು ಪ್ರಶ್ನೆ. ದೊಡ್ಡಮ್ಮ ಕನ್ನಡದಲ್ಲಿ ಹೇಳಿದ ಮಾತಿನಲ್ಲಿ ಯಾವ ತಪ್ಪೂ ಇರಲಿಲ್ಲ. ಅದನ್ನೇ ನಾನು ಇಂಗ್ಲಿಷಿಗೆ ಇಳಿಸಿದಾಗ ಎಲ್ಲಿ ಕೆಟ್ಟಿತು?

ಪಾಠ ಹೇಳುತ್ತ ಹೇಳುತ್ತ ನನಗೆ ಹೊಳೆದದ್ದು ಇಷ್ಟು. 'ಶಾಲೆಗೆ ಹೋಗುವ ನನ್ನ ಮಕ್ಕಳು' ಎಂಬ ಕನ್ನಡದ ಮಾತು ಎರಡೂ ಅರ್ಥವನ್ನು ಹೊರುತ್ತದೆ. ಎಲ್ಲ ಮಕ್ಕಳೂ ಹೋಗುತ್ತಿರಬಹುದು, ಕೆಲವರು ಮಾತ್ರ ಹೋಗುತ್ತಿರಬಹುದು. ನಮ್ಮಲ್ಲಿ ವಿಶೇಷಣ ಮುಂದೆ, ಹೆಸರು ಹಿಂದೆ. ಅವೆರಡರ ನಡುವೆ ಬಾಗಿಲು ಇಡುವ ಪದ್ಧತಿಯೇ ಇಲ್ಲ. ಯಾವ ಅರ್ಥವೆಂಬುದನ್ನು ಕೇಳುವವನು ಸಂದರ್ಭದಿಂದ ತಿಳಿದುಕೊಳ್ಳುತ್ತಾನೆ. ಇಂಗ್ಲಿಷ್ ಹೆಸರನ್ನು ಮೊದಲು ಹೇಳಿ ವಿವರಣೆಯನ್ನು ಆಮೇಲೆ ತರುತ್ತದೆ. ಹಾಗೆ ತರುವಾಗ, ಇದು ಆರಿಸುವ ವಿವರಣೆಯೋ, ಸೇರಿಸುವ ವಿವರಣೆಯೋ ಎಂದು ಕಾಮಾದ ಮೂಲಕ ಹೇಳಲೇಬೇಕು. ಊರಿಗೆ ಗೊತ್ತಿದ್ದುದು ಕಾಗದಕ್ಕೆ ಗೊತ್ತಿರಲಿಲ್ಲ. ಕಾಗದಕ್ಕೆ ಅದನ್ನು ಹೇಳಬೇಕಾಗಿದ್ದದ್ದು ಆ ಎರಡು ಬಾಲಗಳು.

ಇದೊಂದೇ ಅಲ್ಲ. ಕನ್ನಡ ತನ್ನ ಕೀಲುಗಳನ್ನೆಲ್ಲ ಪದದ ಒಳಗೇ ಇಟ್ಟುಕೊಂಡಿದೆ. ಅಜ್ಜಿಯನ್ನು ಕರೆಯಬೇಕೆ? 'ಅಜ್ಜೀ' ಎಂದು ಎಳೆದರೆ ಸಾಕು. ಅಜ್ಜಿ ಕರ್ಮವೇ? 'ಅಜ್ಜಿಯನ್ನು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪ. 'ಲೆಟ್ ಅಸ್ ಈಟ್, ಗ್ರ್ಯಾಂಡ್‌ಮಾ' ಎಂದರೆ ಊಟಕ್ಕೆ ಕರೆದಂತೆ. ಆ ಬಾಲ ಬಿಟ್ಟುಹೋದರೆ ಊಟವೇ ಅಜ್ಜಿ. 'ಅಣ್ಣನೂ ಅಕ್ಕನೂ ತಮ್ಮನೂ ಬಂದರು' ಎಂದಾಗ ಆ 'ಊ' ಒಂದೊಂದಕ್ಕೂ ಕೊಂಡಿ ಹಾಕುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವೂ ಕಾಮಾದ ತಲೆಗೆ. ಹಳೆಯ ಇಂಗ್ಲಿಷಿಗೂ ವಿಭಕ್ತಿ ಪ್ರತ್ಯಯಗಳಿದ್ದವಂತೆ, ಕಾಲಾಂತರದಲ್ಲಿ ಹೆಚ್ಚಿನವು ಉದುರಿಹೋದವು. ಉದುರಿದವುಗಳ ಕೆಲಸವನ್ನು ಪದಗಳ ಸಾಲೂ ಈ ಬಾಲಗಳೂ ಹಂಚಿಕೊಂಡಿವೆ.

ಆದ್ದರಿಂದ ಹೆತ್ತವರಲ್ಲಿ ನನ್ನದೊಂದು ಮಾತು. ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಯೋಚಿಸುವ ಮಗು ಕಾಮಾ ತಪ್ಪಿದರೆ ಅದು ದಡ್ಡತನವಲ್ಲ, ಅಜಾಗ್ರತೆಯೂ ಅಲ್ಲ. ಅದರ ಮನೆಮಾತಿನಲ್ಲಿ ಆ ಬಾಗಿಲೇ ಇಲ್ಲ. ಇಲ್ಲದ ಬಾಗಿಲನ್ನು ಮುಚ್ಚಲು ಮರೆತೆ ಎಂದು ಗದರಿಸಿದರೆ ಫಲವೇನು? ಬಾಗಿಲು ಎಲ್ಲಿದೆ ಎಂದು ತೋರಿಸಬೇಕು. ಹಾಗೆಂದು ಹೋಗಲಿ ಬಿಡು, ಸಣ್ಣ ಗುರುತು ಎಂದು ಕೈಬಿಡುವ ಹಾಗೂ ಇಲ್ಲ.

ಸಣ್ಣ ಗುರುತು ಎಂದೆನಲ್ಲ, ಅದರ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ಅಮೆರಿಕದ ಮೇಯ್ನ್ ರಾಜ್ಯದ ಒಂದು ಮೊಕದ್ದಮೆ ಇದೆ. ಅಲ್ಲಿ ಹಾಲಿನ ಡೇರಿಯೊಂದರ ವಾಹನ ಚಾಲಕರು ಹೆಚ್ಚುವರಿ ದುಡಿಮೆಗೆ ಹೆಚ್ಚಿನ ಸಂಬಳ ಕೇಳಿದರು. ಅಲ್ಲಿನ ಕಾನೂನಿನಲ್ಲಿ ಅಂಥ ಸಂಬಳ ಯಾವ ಕೆಲಸಗಳಿಗಿಲ್ಲ ಎಂಬ ಪಟ್ಟಿಯಿತ್ತು. ಪಟ್ಟಿಯ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಎಂದಿತ್ತು, 'ಶಿಪ್‌ಮೆಂಟ್' ಆದ ಮೇಲೆ ಕಾಮಾ ಇರಲಿಲ್ಲ. ಸಾಗಣೆಗಾಗಿಯೋ ವಿತರಣೆಗಾಗಿಯೋ ಕಟ್ಟು ಕಟ್ಟುವುದು ಎಂಬ ಒಂದೇ ಕೆಲಸವೇ? ಅಥವಾ ಕಟ್ಟು ಕಟ್ಟುವುದು ಒಂದು, ವಿತರಣೆ ಇನ್ನೊಂದೇ? ಚಾಲಕರು ಕಟ್ಟುವವರಲ್ಲ, ವಿತರಿಸುವವರು. ಕಾನೂನಿನ ಮಾತು ಅಸ್ಪಷ್ಟವಾಗಿದೆ ಎಂದು 2017ರಲ್ಲಿ ಮೇಲಿನ ನ್ಯಾಯಾಲಯ ಚಾಲಕರ ಪರ ನಿಂತಿತು. 2018ರಲ್ಲಿ ಡೇರಿಯವರು 50 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡರು. ಅಲ್ಲಿ ಕಾಮಾ ಇಲ್ಲದ್ದರಿಂದ ದುಡಿದವರಿಗೆ ಹಣ ಬಂತು. ನಮ್ಮ ಆಚೆಮನೆಯಲ್ಲಿ ಕಾಮಾ ಇಲ್ಲದ್ದರಿಂದ ಬರಬೇಕಾದ ಹಣ ತಡವಾಯಿತು.

ಹುಡುಗಿಗೆ ನಾನು ಅಂದು ಹೇಳಿಕೊಟ್ಟದ್ದು ಎರಡೇ ಪ್ರಶ್ನೆ. ವಾಕ್ಯ ಬರೆದಾದ ಮೇಲೆ ಅದರಲ್ಲಿರುವ ಒಂದೊಂದು ಪದಗುಚ್ಛವನ್ನೂ ಹಿಡಿದು ಕೇಳಿಕೋ. ಮೊದಲನೆಯದು: ಇದು ಮುಂದುಗಡೆ ಬಂದಿದೆಯೋ, ನಡುವೆ ಬಂದಿದೆಯೋ? ಮುಂದೆ ಬಂದಿದ್ದರೆ, ಮುಗಿದಲ್ಲಿ ಒಂದು ಕಾಮಾ. ಎರಡನೆಯದು: ನಡುವೆ ಬಂದಿದ್ದರೆ, ಇದನ್ನು ಕಿತ್ತು ನೋಡಿದಾಗ ಯಾರು, ಯಾವುದು ಎಂಬುದು ಉಳಿಯುತ್ತದೋ ಇಲ್ಲವೋ? ಉಳಿದರೆ ಎರಡು ಕಾಮಾ. ಉಳಿಯದಿದ್ದರೆ ಒಂದೂ ಬೇಡ.

ಅವಳು ಸುಮ್ಮನೆ ಒಪ್ಪುವವಳಲ್ಲ. "ಮತ್ತೆ 'ದ ಸ್ಟೂಡೆಂಟ್ಸ್ ಕಮಿಂಗ್ ಫ್ರಂ ಕಾರ್ಕಳ ವರ್ ಲೇಟ್' ಅಂತ ಇದ್ರೆ?" ಎಂದು ಕೇಳಿದಳು.

"ನೀನೇ ಹೇಳು. ಮಳೆಗೆ ಕಾರ್ಕಳದ ಬಸ್ಸು ತಡವಾಯಿತು. ಕ್ಲಾಸಿನಲ್ಲಿ ಮಣಿಪಾಲದವರೂ ಕಾಪುವಿನವರೂ ಇದ್ದಾರೆ."

ಒಂದು ನಿಮಿಷ ಪೆನ್ಸಿಲು ಕಚ್ಚಿದಳು. "ಕಿತ್ರೆ ಎಲ್ಲರೂ ಲೇಟ್ ಅಂತ ಆಗ್ತದೆ. ಹಾಗಾಗಿ ಕಾಮಾ ಬೇಡ. ಎಲ್ಲರೂ ಕಾರ್ಕಳದವರೇ ಆಗಿದ್ರೆ ಎರಡು ಕಾಮಾ."

"ಇನ್ನು ನಿನ್ನ ಅಜ್ಜಿಯ ವಾಕ್ಯ?"

ಅವಳು ಉತ್ತರಪತ್ರಿಕೆ ಬಿಡಿಸಿ ನೋಡಿದಳು. "ಈ ಕಥೆ ಹೇಳಿದ ಅಜ್ಜಿ ನನಗೆ ಒಬ್ಬರೇ. ಬೀಡಿ ಕಟ್ಟಿದ್ದು ಅಂತ ಹೇಳಿದ್ದು ಹೆಚ್ಚಿನ ಸಂಗತಿ. ಎರಡು ಕಾಮಾ."

"ನಿನ್ನ ಅಪ್ಪನ ಅಮ್ಮ?"

"ಅವರು ತೀರಿಹೋಗಿದ್ದಾರೆ. ನಾನು ನೋಡ್ಲೇ ಇಲ್ಲ..." ಎಂದವಳು ತಟ್ಟನೆ ನಿಲ್ಲಿಸಿ, "ಓದುವವರಿಗೆ ಅದು ಗೊತ್ತಿಲ್ಲ ಅಲ್ವಾ? ಅವರಿಗೆ ಕಾಮಾ ನೋಡಿಯೇ ಗೊತ್ತಾಗಬೇಕು" ಎಂದಳು.

ಐವತ್ತು ವರ್ಷ ಹಿಂದೆ ಇಷ್ಟು ನನಗೆ ಹೊಳೆದಿದ್ದರೆ! ಹದಿಮೂರು ಮಾರ್ಕು ಸಾಕಷ್ಟಾಯಿತು ಎಂದು ತಾಯಿಗೆ ಹೇಳಿದೆ. ಆಕೆಯೂ ಈಗ ಬೇರೆ ವಾದ ಮಾಡಲಿಲ್ಲ.

ಅಷ್ಟರಲ್ಲಿ ಅಜ್ಜಿಯೇ ಬೇಲಿ ದಾಟಿ ಬಂದರು. ಅರುವತ್ತಾರು ದಾಟಿದ ಹೆಂಗಸು. ಬಲಗೈಯ ಹೆಬ್ಬೆರಳಿನ ತುದಿ ಇಂದಿಗೂ ಒರಟು. ಮೊಮ್ಮಗಳ ಉತ್ತರಪತ್ರಿಕೆಯನ್ನು ನಾನು ಓದಿ, ಅವರ ಮೇಲೆ ಬರೆದ ವಾಕ್ಯದ ಅರ್ಥ ಹೇಳಿದೆ. ಕೆಂಪು ಕಾಮಾವನ್ನೂ ತೋರಿಸಿದೆ. ಬಹಳ ವರ್ಷಗಳ ಹಿಂದೆ, ನಾನು ಮಾಸ್ತರನಾದ ಹೊಸತರಲ್ಲಿ, ಆ ಕಾಗದದ ತಪ್ಪನ್ನು ಅವರ ಮುಂದೆ ಒಪ್ಪಿಕೊಂಡಿದ್ದೆ. ಆಗ ಅವರು ಏನೂ ಹೇಳಿರಲಿಲ್ಲ. ಬೀಡಿಯ ನೂಲು ಸುತ್ತುತ್ತ ಕೇಳಿದ್ದರು, ಅಷ್ಟೇ.

"ಇದೇ ಬಾಲವಾ ಅಣ್ಣ, ಆಗ ಇಲ್ಲದ್ದು?" ಎಂದರು.

ಹೌದೆಂದೆ.

ಸ್ವಲ್ಪ ಹೊತ್ತು ನೋಡಿದರು. "ಇಷ್ಟು ಸಣ್ಣದಾ?" ಎಂದರು. ಆಮೇಲೆ, "ದುಡ್ಡು ಜೂನಿಗೇ ಬಂದಿದ್ರೂ ಅಮ್ಮ ನನ್ನನ್ನು ಕಳಿಸ್ತಿದ್ರೋ ಇಲ್ವೋ. ಆಗ ಹುಡುಗಿಯರನ್ನು ಹಾಗೆಲ್ಲ ಎಲ್ಲಿ ಓದಿಸ್ತಿದ್ರು? ನೀವು ಅದನ್ನೇ ಹಿಡ್ಕೊಂಡು ಕೂತ್ಕೊಳ್ಬೇಡಿ" ಎಂದರು. ನನಗೆ ಸಮಾಧಾನವಾಗಲೆಂದು ಹೇಳಿದ್ದೋ, ಇದ್ದುದನ್ನೇ ಹೇಳಿದ್ದೋ ತಿಳಿಯಲಿಲ್ಲ. ತಿಳಿದುಕೊಳ್ಳುವ ಧೈರ್ಯವೂ ಬರಲಿಲ್ಲ.

"ಇವಳಿಗೆ ಮಾತ್ರ ಸರಿಯಾಗಿ ಹೇಳಿಕೊಡಿ" ಎಂದು ಎದ್ದರು.

ಅಂದಿನಿಂದ ಭಾನುವಾರ ಬೆಳಿಗ್ಗೆ ಹುಡುಗಿ ಬರುತ್ತಾಳೆ. ಕಳೆದ ವಾರ ಅವಳೇ ಒಂದು ವಾಕ್ಯ ಬರೆದು ತಂದಿದ್ದಳು. ನನ್ನ ಅಜ್ಜಿ, ಎಂಟನೆಯ ತರಗತಿಗೆ ಶಾಲೆ ಬಿಟ್ಟವರು, ನನ್ನನ್ನು ದಿನಾ ಓದಲು ಕೂರಿಸುತ್ತಾರೆ ಎಂದು ಇಂಗ್ಲಿಷಿನಲ್ಲಿ. ಎರಡು ಕಾಮಾಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ನಾನು ಕೆಂಪು ಪೆನ್ನನ್ನು ಕಿಸೆಯಿಂದ ತೆಗೆಯಲಿಲ್ಲ.